ಬೆನ್ನ ಮೇಲಿನ ಮರ, ಕೈಯಾರೆ ಮಾಡಿದ ಮಸಿ

ನಮ್ಮ ವಿಮರ್ಶೆಗೆ ಪ್ರತಿಮೆ, ಸಂಕೇತ ಅಂದರೆ ಬಲು ಪ್ರೀತಿ. ಮರ ಬಂತೋ, ಅದು ಬದುಕಿನ ಸಂಕೇತ. ನದಿ ಬಂತೋ, ಬಿಡುಗಡೆಯ ಸಂಕೇತ. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಕಾದಂಬರಿಯನ್ನು ಹೀಗೆ ಓದಲು ಹೊರಟರೆ ಅದು ಕೈಗೆ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಇದರ ಬೇರು ಚರಿತ್ರೆಯಲ್ಲಿದೆ. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಹೆಪ್ಪುಗಟ್ಟಿದ ಒಹಾಯೋ ನದಿ ದಾಟಿ ಸಿನ್ಸಿನಾಟಿಗೆ ಓಡಿಬಂದಳು. ಹಿಡಿಯಲು ಬಂದಾಗ, ಮಗಳು ಮತ್ತೆ ಗುಲಾಮಳಾಗಬಾರದೆಂದು ತಾನೇ ಕೊಂದಳು. ಓಡಿಹೋದವರನ್ನು ನದಿಯಾಚೆಯೂ ಹಿಡಿದು ತರಬಹುದೆಂದು 1850ರ ಕಾಯಿದೆ ಹೇಳುತ್ತಿತ್ತು. ಹಾಗಾದರೆ ನದಿ ಯಾರ ಬಿಡುಗಡೆಯ ಸಂಕೇತ?

ಕಾದಂಬರಿಯ ಸೆಥೆಯ ಬೆನ್ನ ಮೇಲೆ ಚಾಟಿಯ ಗಾಯ ಮರದಂತೆ ಹಬ್ಬಿದೆ. ಅದಕ್ಕೆ ಮರ ಅಂತ ಹೆಸರಿಟ್ಟವಳು ಏಮಿ ಎಂಬ ಬಡ ಬಿಳಿ ಹುಡುಗಿ. ಹೊತ್ತವಳು ಅದನ್ನು ಕಂಡೇ ಇಲ್ಲ. ಮೊದಲು ಅದಕ್ಕೆ ಮುತ್ತಿಟ್ಟ ಪಾಲ್ ಡಿಗೆ, ಸ್ವಲ್ಪ ಹೊತ್ತಾದ ಮೇಲೆ ಅದು ಬರೀ ಗಾಯದ ಗಂಟಾಗಿ ಕಾಣುತ್ತದೆ. ರೂಪಕವನ್ನು ಕಟ್ಟಿದ ಕಾದಂಬರಿಯೇ ಅದನ್ನು ಕೆಡವುತ್ತದೆ. ಇದನ್ನು ಗಮನಿಸದೆ ಮರವನ್ನು ಮೆಚ್ಚುವವರು ಚಾಟಿಯನ್ನು ಮರೆತವರು.

ನನ್ನನ್ನು ಹೆಚ್ಚು ಕಾಡಿದ್ದು ಮಸಿ. ತೋಟದ ಹೆಸರು ‘ಸ್ವೀಟ್ ಹೋಮ್’! ಅಲ್ಲಿನ ಮೇಷ್ಟ್ರು ತನ್ನ ಶಿಷ್ಯರ ಕೈಲಿ ಸೆಥೆಯ ಮನುಷ್ಯ ಲಕ್ಷಣಗಳನ್ನು ಒಂದು ಕಡೆ, ಪ್ರಾಣಿ ಲಕ್ಷಣಗಳನ್ನು ಇನ್ನೊಂದು ಕಡೆ ಬರೆಸುತ್ತಾನೆ. ಆ ಮಸಿ ಮಾಡಿಕೊಟ್ಟವಳು ಸೆಥೆಯೇ. ನಮಗಿದು ದೂರದ ಕತೆಯೇನಲ್ಲ. ಚರ್ಮ ಹದಮಾಡಿದವನು ಗುಡಿಯ ಹೊರಗೆ, ಅದೇ ಚರ್ಮದ ಮದ್ದಳೆ ಗುಡಿಯ ಒಳಗೆ. ಅವನು ಹೊಲಸು ಅಂತ ಬರೆದ ಶಾಸ್ತ್ರಕ್ಕೂ ಯಾರದೋ ದುಡಿಮೆಯ ಮಸಿ ಬೇಕಾಗಿತ್ತು.

ಸೆಥೆಯ ಮನೆಯ ನಂಬರು 124. ನಡುವೆ 3 ಇಲ್ಲ, ಸತ್ತದ್ದು ಮೂರನೆಯ ಮಗು ಎಂದು ಲೆಕ್ಕ ಹಾಕುವವರಿದ್ದಾರೆ. ಇರಲಿ. ನನಗೆ ಮುಖ್ಯ ಅನ್ನಿಸುವುದು ಆ ಮನೆಯ ಅಂಗಳ. ಅಂದು ಹಿಡಿಯುವವರು ಬರುತ್ತಿದ್ದಾರೆಂದು ಹೊಟ್ಟೆಕಿಚ್ಚಿನಿಂದ ಸುದ್ದಿ ಮುಟ್ಟಿಸದ ಕೇರಿ, ಹದಿನೆಂಟು ವರ್ಷ ದೂರ ಉಳಿದ ಕೇರಿ, ಕೊನೆಗೆ ಅಲ್ಲಿಗೆ ಬಂದು ನಿಲ್ಲುತ್ತದೆ. ಮೂವತ್ತು ಹೆಂಗಸರು ಸೇರಿ ದನಿ ಎತ್ತಿದ ಮೇಲೆಯೇ ದೆವ್ವ ಮನೆ ಬಿಡುವುದು. ಕೇರಿಯ ತಪ್ಪನ್ನೂ ಬಚ್ಚಿಡದ ಈ ನಿಷ್ಠುರ ನಮ್ಮ ಬರಹಕ್ಕೂ ಬೇಕು.

ದಲಿತ ವಿಮರ್ಶೆ ಒಂದು ವಸ್ತುವಿನ ಮುಂದೆ ನಿಂತು ಇದರ ಅರ್ಥವೇನು ಅನ್ನುವ ಮೊದಲು ಇದನ್ನು ಮಾಡಿದವರು ಯಾರು, ಬಳಸಿದವರು ಯಾರು, ಹೆಸರಿಟ್ಟವರು ಯಾರು ಅಂತ ಕೇಳಲಿ. ಅರ್ಥ ಆಮೇಲೆ ಬರುತ್ತದೆ.