ಪಕಾಸಿಯೊಳಗಿನ ದುಂಬಿ

ಬೆಳಿಗ್ಗೆ ಗುಡಿಸಿದ ಜಗಲಿಯ ಮೇಲೆ ಮಧ್ಯಾಹ್ನಕ್ಕೆ ಒಂದು ಹಿಡಿ ಮರದ ಹೊಟ್ಟು ಬಿದ್ದಿದೆಯೇ? ಪೊರಕೆ ತರುವ ಮೊದಲು ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿನ ಪುಡಿಯಾಗಿದ್ದರೆ ಮರಕ್ಕೆ ಕುಟ್ಟೆ ಹಿಡಿದಿದೆ; ಅದರ ತೂತು ಗುಂಡುಸೂಜಿಯ ತಲೆಗಿಂತ ದೊಡ್ಡದಿರುವುದು ಕಡಿಮೆ. ಗೋಡೆಯುದ್ದಕ್ಕೂ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು. ಹೊಟ್ಟು ತರಿತರಿಯಾಗಿದ್ದರೆ ತಲೆಯೆತ್ತಿ ಪಕಾಸಿಯ ಅಡಿಭಾಗ ನೋಡಿ. ಬೈರಿಗೆ ಹಾಕಿ ಕೊರೆದಂಥ ದುಂಡನೆಯ ತೂತು, ಕಿರುಬೆರಳು ತೂರುವಷ್ಟು. ಕೆಳಗಿನ ಗೋಡೆಗೆ ಹಳದಿ ಕಲೆ. ಅಲ್ಲಿ ಕಪ್ಪು ದುಂಬಿ ಸಂಸಾರ ಹೂಡಿದೆ.

ಬೇಸಿಗೆ ಬಂತೆಂದರೆ ಹಳೆಮನೆಯವರು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಯಾವ ಔಷಧಿ ಹೊಡೆಯಬೇಕು? ಯಾವುದನ್ನೂ ಹೊಡೆಯಬೇಡಿ. ಉಪಚಾರ ಬೇಕಿರುವುದು ಮರಕ್ಕೆ. ಎಣ್ಣೆ ಬಣ್ಣ ಕಾಣದೆ ಬಿಸಿಲಿಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಮರವನ್ನೇ ಈ ದುಂಬಿ ಹುಡುಕಿಕೊಂಡು ಬರುತ್ತದೆ. ಇದ್ದ ದುಂಬಿಯನ್ನು ಕೊಂದು ಮರವನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ಅದೇ ತೂತಿಗೆ ಇನ್ನೊಂದು ಬರುತ್ತದೆ. ಅಮೆರಿಕದಲ್ಲಿ ಮರದ ಮನೆ ಕೊಂಡ ನಮ್ಮವರು ಅಲ್ಲಿ ಸಿಗುವ ಬಲೆಪೆಟ್ಟಿಗೆ ತೂಗುಹಾಕುವುದುಂಟು. ತೂತು ಕೊರೆದ ಮರದ ಡಬ್ಬಿಯೊಳಗೆ ಹೊಕ್ಕ ದುಂಬಿ ಕೆಳಗಿನ ಬಾಟಲಿಗೆ ಬಿದ್ದು ಸಾಯುತ್ತದೆ. ಡೆಕ್ಕಿನ ಹಲಗೆ ಮಾತ್ರ ಮೊದಲಿನಷ್ಟೇ ಬೋಳಾಗಿರುತ್ತದೆ.

ಮನೆ ರಿಪೇರಿಯಲ್ಲಿ ತೆಗೆದುಹಾಕಿದ ಹಳೆಯ ಪಕಾಸಿ ಸಿಕ್ಕರೆ ಉದ್ದಕ್ಕೆ ಸೀಳಿ ನೋಡಬೇಕು. ತೂತು ಒಂದೆರಡು ಇಂಚು ನೇರ ಒಳಗೆ ಹೋಗಿ, ಅಲ್ಲಿಂದ ಥಟ್ಟನೆ ತಿರುಗಿ ಮರದ ಎಳೆಯ ಗುಂಟ ಸಾಗುತ್ತದೆ. ಸುರಂಗದ ಗೋಡೆ ಎಷ್ಟು ನಯ ಎಂದರೆ ಉಪ್ಪುಕಾಗದ ಹಾಕಿದರೂ ಅಷ್ಟು ಬರಲಿಕ್ಕಿಲ್ಲ. ಒಳಗೆ ಸಾಲು ಕೋಣೆಗಳು. ಕೊರೆದ ಹೊಟ್ಟನ್ನೇ ಅಂಟಿಸಿ ನಡುನಡುವೆ ಬಿಲ್ಲೆಯಂಥ ಅಡ್ಡಗೋಡೆ ಎಬ್ಬಿಸಿರುತ್ತದೆ. ಕೋಣೆಗೊಂದರಂತೆ ಪರಾಗ, ಮಕರಂದ ಕಲಸಿದ ಹಳದಿ ಮುದ್ದೆ; ಅದರ ಮೇಲೆ ಒಂದೇ ಒಂದು ಮೊಟ್ಟೆ, ತುಸು ಬಾಗಿದ, ಬೆಳ್ಳಗಿನ ಮೊಟ್ಟೆ. ದೊಡ್ಡ ಜಾತಿಗಳಲ್ಲಿ ಇದರ ಉದ್ದ ಒಂದು ಸೆಂಟಿಮೀಟರನ್ನೂ ಮೀರುತ್ತದೆ. ಇಡೀ ಕೀಟಲೋಕದ ಅತಿ ದೊಡ್ಡ ಮೊಟ್ಟೆಗಳಲ್ಲಿ ಇವೂ ಸೇರಿವೆ. ಜೇನ್ನೊಣದ ಗೂಡಿನ ಹಾಗೆ ಸಾವಿರಾರು ಮಕ್ಕಳ ಲೆಕ್ಕ ಇಲ್ಲಿಲ್ಲ. ತಾಯಿ ಕೆಲವೇ ಮೊಟ್ಟೆ ಇಟ್ಟು, ಎಷ್ಟೋ ಸಲ ಬಾಗಿಲಲ್ಲಿ ತಾನೇ ಕಾವಲು ಕೂರುತ್ತದೆ. ಕೆಲವು ಜಾತಿಗಳಲ್ಲಿ ರೆಕ್ಕೆ ಬಂದ ಮಕ್ಕಳಿಗೂ ಇನ್ನಷ್ಟು ದಿನ ಉಣಿಸುತ್ತದೆ. ಇಷ್ಟನ್ನು ಕಣ್ಣಾರೆ ಕಂಡ ಮೇಲೆ ತೂತಿಗೆ ಸೀಮೆಎಣ್ಣೆ ಸುರಿಯಲು ನನಗಂತೂ ಕೈಬರುವುದಿಲ್ಲ. ಒಣಮರದ ಮಾಡಿಗೆ ಸೀಮೆಎಣ್ಣೆ ಕುಡಿಸುವುದು ಬೆಂಕಿಗೆ ಆಹ್ವಾನವೂ ಹೌದು.

ಹಾಗೆಂದು ಕೇಡಿಲ್ಲವೆಂದಲ್ಲ. ದುಂಬಿ ಮರ ತಿನ್ನುವುದಿಲ್ಲ, ಕೊರೆದು ಹೊರಗೆ ಹಾಕುತ್ತದೆ ಅಷ್ಟೆ. ಒಂದೆರಡು ತೂತಿನಿಂದ ಹಲಸಿನ ಕಂಬ ಬೀಳುವುದಿಲ್ಲ, ತೊಲೆ ಬಾಗುವುದಿಲ್ಲ. ಆದರೆ ತಲೆಮಾರಿನಿಂದ ತಲೆಮಾರಿಗೆ ಅದೇ ಸುರಂಗ ಬೆಳೆಯುತ್ತಾ ಹೋಗುತ್ತದೆ, ಮೊಳದುದ್ದ ದಾಟುವುದೂ ಉಂಟು. ಸಪೂರ ಪಕಾಸಿಗೆ ಅಷ್ಟು ಸಾಕು. ನನಗೆ ಇನ್ನೂ ಹೆಚ್ಚಿನ ಭಯ ಮಳೆಯದು. ಸೂರಿನ ತುದಿಯಲ್ಲಿ ಬಾಯಿ ತೆರೆದ ತೂತಿಗೆ ಮಲೆನಾಡಿನ ಮಳೆಯ ಎರಚಲು ಹೊಕ್ಕರೆ ಮರ ಒಳಗಿಂದ ಲಡ್ಡಾಗುತ್ತದೆ, ಹೊರಗೆ ಸುಳಿವೂ ಸಿಗುವುದಿಲ್ಲ.

ಆದ್ದರಿಂದ ತೂತು ಮುಚ್ಚಲೇಬೇಕು, ಖಾಲಿಯಾದ ಮೇಲೆ. ಖಾಲಿಯಾಗಿದೆಯೆಂದು ತಿಳಿಯಲು ಟಾರ್ಚ್ ಹಿಡಿದು ಇಣುಕಿದರೆ ಸಾಲದು, ರಾತ್ರಿ ಇಣುಕಿದರಂತೂ ಮೋಸ ಹೋಗುತ್ತೀರಿ. ಪಶ್ಚಿಮಘಟ್ಟದಲ್ಲಿ ರಾತ್ರಿ ಹಾರುವ ಜಾತಿಯೂ ಇದೆ. ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಹೇಮಾ ಸೋಮನಾಥನ್, ರೆನೀ ಬೋರ್ಜೆಸ್ ಮತ್ತು ಸಂಗಡಿಗರು ಇದನ್ನು ಅಭ್ಯಾಸ ಮಾಡಿ, ಬರೀ ನಕ್ಷತ್ರದ ಬೆಳಕಿನಲ್ಲೂ ಇದು ಬಣ್ಣ ಗುರುತಿಸಬಲ್ಲದೆಂದು 2008ರಲ್ಲಿ ಪ್ರಕಟಿಸಿದರು. ನಮಗೆ ಪಕ್ಕದ ಕಂಬ ಕಾಣದ ಕತ್ತಲಲ್ಲಿ ಅದು ಬಣ್ಣದ ಗುರುತು ಹಿಡಿದು ತನ್ನ ಗೂಡಿಗೆ ಮರಳುತ್ತದೆ! ಹೀಗಾಗಿ ತೂತಿಗೆ ಹತ್ತಿಯ ಉಂಡೆಯೊಂದನ್ನು ಸಡಿಲವಾಗಿ ಇಟ್ಟು ದಿನವೂ ನೋಡಿ. ಒಳಗಿನದು ಹೊರದಬ್ಬುತ್ತದೆ, ಹೊರಗಿನದು ಎಳೆದುಹಾಕುತ್ತದೆ. ಮೊಟ್ಟೆ ದುಂಬಿಯಾಗಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಹತ್ತಿ ಅಷ್ಟು ಕಾಲ ಅಲುಗದೆ ಕೂತಿದ್ದರೆ ಗೂಡು ಬರಿದಾಗಿದೆ. ಅವಸರಪಟ್ಟು ಮುಚ್ಚಿದರೆ ಸಿಕ್ಕಿಬಿದ್ದ ದುಂಬಿ ಪಕ್ಕದಲ್ಲೇ ಇನ್ನೊಂದು ಬಾಗಿಲು ಕೊರೆದುಕೊಳ್ಳುತ್ತದೆ, ಇಲ್ಲವೇ ಒಳಗೇ ಸಾಯುತ್ತದೆ.

ಮುಚ್ಚಲು ಬರೀ ಪುಟ್ಟಿ ಬೇಡ. ಆಚಾರಿಗಳನ್ನು ಕರೆಸಿ ಅದೇ ಜಾತಿಯ ಮರದಲ್ಲಿ ಬಿಗಿಯಾದ ಬಿರಡೆ ಮಾಡಿಸಿ, ಅಂಟು ಹಚ್ಚಿ ಬಡಿದು, ಮಟ್ಟಸವಾಗಿ ಹೆರೆಸಿ. ಆಮೇಲೆ ಇಡೀ ಪಕಾಸಿಗೆ, ಮರೆಯದೆ ಕೊಯ್ದ ತುದಿಗಳಿಗೂ, ಆಯಿಲ್ ಪೇಂಟ್ ಅಥವಾ ವಾರ್ನಿಷ್. ಪೇಂಟಿನಷ್ಟು ಖಾತ್ರಿ ಬೇರೆ ಯಾವುದಕ್ಕೂ ಇಲ್ಲ, ಆದರೆ ಹಳೆಯ ಮರದ ಎಳೆ ಮುಚ್ಚಿಹೋಗುತ್ತದೆಂದು ನನಗೆ ಮನಸ್ಸು ಒಪ್ಪದು. ಕರಾವಳಿಯವರು ದೋಣಿಗೆ ಬಳಿಯುವ ಗೇರೆಣ್ಣೆಯೇ ನನ್ನ ಆಯ್ಕೆ. ಅದು ಮರಕ್ಕೆ ಕಪ್ಪುಗೆಂಪು ಬಣ್ಣ ಕೊಡುತ್ತದೆ, ಆದರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಹಸಿ ಗೇರೆಣ್ಣೆ ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು. ಶಿವರಾತ್ರಿ ಕಳೆದು ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಯಬೇಕು. ಕುಟ್ಟೆಗೆ ಹಚ್ಚುವ ಬೊರಾಕ್ಸ್ ದ್ರಾವಣವನ್ನು ಇದಕ್ಕೂ ಹಚ್ಚುವವರಿದ್ದಾರೆ. ಮರವನ್ನು ತಿನ್ನುವ ಹುಳಕ್ಕೆ ಅದು ವಿಷ. ಉಗುಳಿ ಹೊರಹಾಕುವ ದುಂಬಿಗೆ ನಾಟುವುದು ಕಷ್ಟ.

ಮುಖದ ಮುಂದೆ ಬಂದು ಗುಂಯ್ ಎಂದು ನಿಂತು ಹೆದರಿಸುವುದು ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದೆ, ಕೈಯಲ್ಲಿ ಹಿಡಿದು ಹಿಂಸಿಸಿದರೆ ಮಾತ್ರ ಚುಚ್ಚುತ್ತದೆ. ಬದನೆ, ಟೊಮೆಟೊ ಹೂವನ್ನು ತಬ್ಬಿ ಮೈ ನಡುಗಿಸಿ ಪರಾಗ ಉದುರಿಸುವ ಕಸುಬು ಇದಕ್ಕೆ ಗೊತ್ತು, ಜೇನ್ನೊಣಕ್ಕೆ ಗೊತ್ತಿಲ್ಲ. ಕೊಡಗಿನ ಹಿತ್ತಿಲುಗಳಲ್ಲಿ ಹಬ್ಬುವ ಪ್ಯಾಶನ್ ಫ್ರೂಟ್ ಬಳ್ಳಿಗೂ ಇಂಥ ದೊಡ್ಡ ಮೈಯ ದುಂಬಿಯೇ ಬೇಕು. ಹೂವಿನೊಳಗೆ ಹೊಕ್ಕಾಗ ಅದರ ಬೆನ್ನು ಮೇಲಿನ ಕೇಸರಕ್ಕೆ ತಾಗುತ್ತದೆ. ಬ್ರೆಜಿಲಿನಲ್ಲಿ ದುಂಬಿ ಕಡಿಮೆಯಾದ ತೋಟಗಳಲ್ಲಿ ಆಳುಗಳಿಂದ ಹೂವಿಂದ ಹೂವಿಗೆ ಕೈಯಲ್ಲೇ ಪರಾಗ ಹಚ್ಚಿಸುತ್ತಾರೆ.

ಪಕಾಸಿಯಿಂದ ಎಬ್ಬಿಸಿದ ಮೇಲೆ ಬೇರೆ ಜಾಗ ಕೊಡುವುದು ನ್ಯಾಯ. ಒಣಗಿದ ಬಿದಿರನ್ನು ಒಂದು ಕಡೆ ಗಂಟು ಉಳಿಸಿ, ಇನ್ನೊಂದು ಕಡೆ ಬಾಯಿ ತೆರೆದಿಟ್ಟು ಮೊಳದುದ್ದ ಕೊಯ್ದು, ಹತ್ತಾರು ತುಂಡು ಕಟ್ಟು ಮಾಡಿ ಕೊಟ್ಟಿಗೆಯ ಸೂರಿನಡಿ ಅಡ್ಡಡ್ಡ ತೂಗುಹಾಕಿ. ಒಳಗಿನ ಟೊಳ್ಳು ಹೆಬ್ಬೆರಳಿಗಿಂತ ಅಗಲವಿರಬಾರದು, ಬಾಯಿ ತುಸು ಕೆಳಮುಖವಾಗಿದ್ದರೆ ನೀರು ನಿಲ್ಲುವುದಿಲ್ಲ. ಪಕಾಸಿಯ ತೂತು ಮುಚ್ಚುವ ಮೊದಲೇ ಈ ಕಟ್ಟು ಅಲ್ಲಿ ತೂಗುತ್ತಿರಲಿ.