ಪಂಪನ ಬನವಾಸಿ ಎಲ್ಲಿದೆ?

'ಬನವಾಸಿಯನ್ನು ಹೊಗಳಿದ ಪದ್ಯವೆನ್ನುತ್ತೀರಿ. ಇದರಲ್ಲಿ ಬನವಾಸಿ ಎಲ್ಲಿದೆ, ಸಾರ್?'

ಪಂಪನ ಆ ಪ್ರಸಿದ್ಧ ಪದ್ಯವನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಹೀಗೆ ಕೇಳಿದ. 'ದೇಶಾಭಿಮಾನ'ವೆಂಬ ಸಿದ್ಧ ಮಾತನ್ನು ಹೇಳಿ, ಗಂಟೆ ಹೊಡೆಯುವವರೆಗೆ ಕಾಲ ತಳ್ಳಿದೆ.

ಹುಡುಗ ಹೇಳಿದ್ದು ನಿಜ. ಕ್ರಿ.ಶ. 941ರ ಸುಮಾರಿನ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ, ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವ ಈ ಪದ್ಯದಲ್ಲಿ ನಾಡಿನ ಹೆಸರೊಂದನ್ನು ಬಿಟ್ಟರೆ ಅಲ್ಲಿನದೇ ಎನ್ನಬಹುದಾದ ಗುರುತು ಯಾವುದೂ ಇಲ್ಲ. ವರದಾ ನದಿಯಿಲ್ಲ, ಮಧುಕೇಶ್ವರನ ಗುಡಿಯಿಲ್ಲ. ಇರುವುದು ಮೈಗೆ ಸೋಕುವ ತೆಂಕಣ ಗಾಳಿ, ಕಿವಿಗೆ ಬೀಳುವ ಒಳ್ಳೆಯ ಮಾತು, ಇಂಪಾದ ಹಾಡು, ಅರಳಿದ ಮಲ್ಲಿಗೆ, ಪ್ರಣಯದ ಸುಖ, ವಸಂತೋತ್ಸವ. ಇವೆಲ್ಲ ಯಾವ ನಾಡಿನಲ್ಲಾದರೂ ದೊರೆಯತಕ್ಕವು.

ಪದ್ಯದ ಗುಟ್ಟು ಇರುವುದೇ ಇಲ್ಲಿ ಎಂದು ನನಗೆ ಹೊಳೆದದ್ದು ತರಗತಿಯಲ್ಲಲ್ಲ, ಗಾಂಧಿಬಜಾರಿನಲ್ಲಿ. ಒಂದು ಸಂಜೆ ಹೂವಾಡಗಿತ್ತಿ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಸಿದಳು. ಆ ತಂಪು ಪರಿಮಳದೊಡನೆ, ನಾವು ಮಾರಿಬಿಟ್ಟ ಊರಮನೆಯ ನಡುಮನೆ, ಅಲ್ಲಿ ಕುಳಿತು ಹೂ ಕಟ್ಟುತ್ತಿದ್ದ ನಮ್ಮ ತಾಯಿ, ಎಲ್ಲವೂ ಎದುರಿಗೆ ಬಂದು ನಿಂತವು. ಆ ಮನೆಯ ಫೋಟೋ ನನ್ನ ಮೇಜಿನ ಮೇಲೆ ದಿನವೂ ಇರುತ್ತದೆ. ಅದರಿಂದ ಎಂದೂ ಹೀಗಾಗಿರಲಿಲ್ಲ.

ಮನೆಗೆ ಬಂದು ಪದ್ಯವನ್ನು ಮತ್ತೆ ಓದಿದೆ. ಪಂಪ ಮೊದಲು ಮೈಯನ್ನು ಮುಟ್ಟುತ್ತಾನೆ, ಎರಡು ಸಲ ಕಿವಿಯನ್ನು ಕರೆಯುತ್ತಾನೆ, ಆಮೇಲೆ ಕಣ್ಣಿಗೆ ಬರುತ್ತಾನೆ. ಮಲ್ಲಿಗೆಯನ್ನು ಕೂಡ ಕಂಡರೆ ಎನ್ನುತ್ತಾನೆಯೇ ಹೊರತು ಮೂಸಿದರೆ ಎನ್ನುವುದಿಲ್ಲ. ಪರಿಮಳವನ್ನು ತುಂಬಿಕೊಳ್ಳುವ ಕೆಲಸ ಓದುಗನದು. ಎಲ್ಲವೂ 'ಆದರೆ' ಎಂಬ ಅರ್ಥದ ಮಾತುಗಳು. ಬನವಾಸಿಯಲ್ಲಿ ಗಾಳಿ ಬೀಸುತ್ತದೆಂದು ಕವಿ ವರ್ಣಿಸುತ್ತಿಲ್ಲ. ಎಲ್ಲಿ ಗಾಳಿ ಸೋಕಿದರೂ ಬನವಾಸಿ ನೆನಪಾಗುತ್ತದೆನ್ನುತ್ತಾನೆ. ವೇಮುಲವಾಡದ ಅರಿಕೇಸರಿಯ ಆಸ್ಥಾನಕವಿಗೆ ಈ ದೂರ ತಿಳಿದಿತ್ತು. ಕೊನೆಗೆ ಬರುವ ಅಂಕುಶವೂ ಮೈಗೆ ತಾಗುವ ವಸ್ತುವೇ. ಆದರೆ ಮನಸ್ಸೆಂಬ ಆನೆಯನ್ನು ಅದರ ಮೊನೆ ತಡೆಯಲಾರದು. ಗಾಳಿಯ ಸೋಂಕು ಎಳೆದೊಯ್ಯಬಲ್ಲದು.

ಇಂದ್ರಿಯಗಳು ಹೊರಗಿನ ಲೋಕವನ್ನು ಒಳಗೆ ತರುವ ಬಾಗಿಲುಗಳೆಂದು ನಾವು ತಿಳಿದಿದ್ದೇವೆ. ಒಳಗೇ ಉಳಿದಿರುವ ಲೋಕ ಎಚ್ಚರಗೊಳ್ಳುವುದೂ ಅವುಗಳಿಂದಲೇ ಎಂಬುದು ಈ ಪದ್ಯದ ಅರಿವು. ಇದನ್ನು ಬರಿಯ ನಾಡಿನ ಹೊಗಳಿಕೆಯೆಂದು ಇಷ್ಟು ವರ್ಷ ಪಾಠ ಹೇಳಿದ್ದು ನನ್ನ ತಪ್ಪು.

ಆ ಹುಡುಗ ಈಗ ದೂರದ ಊರಿನಲ್ಲಿ ಕೆಲಸದಲ್ಲಿದ್ದಾನಂತೆ. ನಾನು ಕೊಡದ ಉತ್ತರವನ್ನು ಅಲ್ಲಿನ ಗಾಳಿಯೋ ಯಾವುದೋ ಹಾಡೋ ಇಷ್ಟರಲ್ಲಿ ಅವನಿಗೆ ಕೊಟ್ಟಿರಬಹುದು.