ಸಾರಥಿಯ ಪ್ರಶ್ನೆ, ಪೇಟಿಯ ಉತ್ತರ

ದೊಡ್ಡಾಟದ ರಂಗಕ್ಕೆ ಎಂಥ ಚಕ್ರವರ್ತಿ ಬಂದರೂ ಸಾರಥಿಗೆ ಲೆಕ್ಕವಿಲ್ಲ. ಕಿರೀಟ, ಭುಜಕೀರ್ತಿ ಹೊತ್ತು, ಹಲಗೆ ಅದುರುವಂತೆ ಕುಣಿದು ಬಂದವನನ್ನು ಯಾರು, ಎಲ್ಲಿಯವನು ಎಂದು ವಿಚಾರಿಸಿಯೇ ಮುಂದೆ ಬಿಡುತ್ತಾನೆ. ದೊರೆ ಗ್ರಾಂಥಿಕ ಮಾತಿನಲ್ಲಿ ತನ್ನ ಪರಾಕ್ರಮ ಬಿಚ್ಚಿದರೆ ಸಾರಥಿ ಜವಾರಿ ಮಾತಿನಲ್ಲಿ ತಿವಿಯುತ್ತಾನೆ. ಮುಂದಿನ ಪಾತ್ರ ಬಂದಾಗ ಮತ್ತೆ ಅದೇ ಮದ್ದಳೆ, ಅದೇ ಕುಣಿತ, ಅದೇ ವಿಚಾರಣೆ. ಜನ ಬೇಸರಪಡುವುದಿಲ್ಲ. ಪ್ರಶ್ನೆ ಹಳೆಯದು, ಸಿಕ್ಕಿಬೀಳುವವನು ಹೊಸಬ.

ಬಾಗಲಕೋಟೆ ಸೀಮೆಯ ರಂಗಹಾಸ್ಯದ ಬೇರು ಇಲ್ಲಿದೆ. ದೊಡ್ಡಾಟದ ಸಾರಥಿ, ಶ್ರೀಕೃಷ್ಣ ಪಾರಿಜಾತದ ಭಾಗವತ, ಬನಶಂಕರಿ ಜಾತ್ರೆಯ ಕಂಪನಿ ನಾಟಕದ ಹಾಸ್ಯಪಾರ್ಟು: ಮೂವರೂ ಒಂದೇ ಮನೆತನದವರು. ಹೊಡೆತ, ಬಡಿತ, ಬೀಳುವುದು, ಏಳುವುದು, ಹೇಳಿದ್ದನ್ನೇ ಹೇಳುವುದು ಇವರ ಬಂಡವಾಳ. ಪಂಡಿತರು ಇದನ್ನು ಅಗ್ಗದ ಸರಕೆಂದು ಬದಿಗಿಟ್ಟು ಬಹಳ ಕಾಲವಾಯಿತು. ಆದರೆ ಮರುಕಳಿಕೆಯೇ ದೋಷವಾಗಿದ್ದರೆ ಲೋಕದ ಅರ್ಧ ಹಾಸ್ಯ ಉಳಿಯುತ್ತಿರಲಿಲ್ಲ.

ಜಪಾನಿನ ಕಾರ್ಟೂನುಗಳನ್ನೇ ನೋಡಬಹುದು. 1969ರಿಂದ ಅಲ್ಲಿನ ಟಿ.ವಿ.ಯಲ್ಲಿ ಬರುತ್ತಿರುವ 'ಸಾಜಾಎ-ಸಾನ್' ಇಂದಿಗೂ ಆರಂಭಗೀತೆ ಬದಲಿಸಿಲ್ಲ. ಹಾಡು ಕೇಳಿದರೆ ಸಾಕು, ಯಾವ ಸಂಸಾರದ ಮನೆಯೊಳಗೆ ಕಾಲಿಡುತ್ತಿದ್ದೇವೆಂದು ನೋಡುವವರಿಗೆ ಗೊತ್ತು. 1989ರಲ್ಲಿ ಟಿ.ವಿ.ಗೆ ಬಂದ 'ರನ್ಮಾ'ದಲ್ಲಿ ತಣ್ಣೀರು ಬಿದ್ದರೆ ನಾಯಕ ಹುಡುಗಿಯಾಗುತ್ತಾನೆ, ಬಿಸಿನೀರು ಬಿದ್ದರೆ ಮತ್ತೆ ಹುಡುಗ. ಉಪಾಯ ಒಂದೇ. ನೀರು ಯಾವ ಹೊತ್ತಿಗೆ, ಯಾರ ಎದುರಿಗೆ ಬೀಳುತ್ತದೆ ಎಂಬುದರಲ್ಲಿ ಎಲ್ಲ ಕಸುಬು ಅಡಗಿದೆ. ಸಾರಥಿಗೆ ಈ ಲೆಕ್ಕ ಹೊಸದೇನಲ್ಲ.

ಪಾರಿಜಾತದಲ್ಲಿ ಆ ಕಸುಬು ಇನ್ನೂ ನಯವಾಯಿತು. ಅಪರಾಳ ತಮ್ಮಣ್ಣನ ಪಾರಿಜಾತಕ್ಕೆ ಆಟದ ರೂಪ ಕೊಟ್ಟವನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಕೌಜಲಗಿ ನಿಂಗಮ್ಮನ ಸತ್ಯಭಾಮೆ ಆ ಆಟದ ಕೀರ್ತಿಯನ್ನು ಊರೂರಿಗೆ ಒಯ್ದಳು. ಮುಧೋಳ, ಲೋಕಾಪುರ ಕಡೆಯವರಿಗೆ ಇದು ಮನೆಯ ಆಟ. ಕೃಷ್ಣ ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟ, ಭಾಮೆ ಮುನಿದಳು: ಕಥೆ ಇಷ್ಟೇ. ಅದಕ್ಕೆ ರಾತ್ರಿಯಿಡೀ ಸಾಲುವಷ್ಟು ಉಸಿರು ತುಂಬುವವರು ಭಾಗವತ ಮತ್ತು ದೂತಿ. ಆರಂಭದಲ್ಲಿ ಹಾಲು ಮೊಸರು ಹೊತ್ತು ಬರುವ ಗೊಲ್ಲತಿಯೊಡನೆ ಚೌಕಾಸಿಗೆ ನಿಂತ ಭಾಗವತನೇ, ಮುಂದೆ ಭಾಮೆಯ ವಿರಹದ ನಡುವೆಯೂ ಬಾಯಿ ಹಾಕುತ್ತಾನೆ. ಭಾಮೆ ರಾಗ ಎಳೆದು ನಿಲ್ಲಿಸಿದ ಜಾಗದಲ್ಲೇ ಅವನ ಕೊಂಕು ಮಾತು ಬೀಳಬೇಕು. ಒಂದು ಗಳಿಗೆ ಮೊದಲಾದರೆ ಹಾಡು ಕೆಟ್ಟಿತು, ತಡವಾದರೆ ನಗೆ ಸತ್ತಿತು. ಇಲ್ಲಿ ಸಂಗೀತ ಹಾಸ್ಯದ ಹಿನ್ನೆಲೆಯಲ್ಲ, ಅದರ ಗಡಿಯಾರ.

ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ಕದಲುವುದಿಲ್ಲ, ಕಂಪನಿಗಳ ಥೇಟರುಗಳೂ ಕದಲುವುದಿಲ್ಲ. ಹುನಗುಂದ ಕಡೆಯ ಕಮತಗಿಯ ಹೆಸರು ಹೊತ್ತ ಹುಚ್ಚೇಶ್ವರ ನಾಟ್ಯ ಸಂಘದಂಥ ಮಂಡಳಿಗಳು ಬೆಳೆದದ್ದು ಈ ಬಗೆಯ ಕ್ಯಾಂಪುಗಳಲ್ಲೇ. ಕಂಪನಿ ನಾಟಕದಲ್ಲಿ ಹಾಸ್ಯ ಹುಟ್ಟಿದ್ದು ಅರ್ಧ ಅನಿವಾರ್ಯದಿಂದ. ಪರದೆಯ ಹಿಂದೆ ಅರಮನೆಯ ದೃಶ್ಯ ಕಟ್ಟುವಾಗ ಬಡಗಿಯ ಸದ್ದು ಕೇಳಬಾರದು. ಹಾಗಾಗಿ ಮುಂದೆ ಬೀದಿಯ ಪರದೆ ಇಳಿಬಿಟ್ಟು ಗೌಡನನ್ನೂ ಆಳನ್ನೂ ಜಗಳಕ್ಕೆ ಬಿಡುತ್ತಿದ್ದರು. ಆಳಿಗೆ ಪೆಟ್ಟು ಬಿದ್ದ ಕ್ಷಣವೇ ತಬಲಾದ ಮೇಲೂ ಪೆಟ್ಟು ಬೀಳಬೇಕು. ಕೈ ಕೆನ್ನೆಗೆ ತಾಗುವುದಿಲ್ಲ, ಸದ್ದು ತಾಗುತ್ತದೆ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಕಾಲ್ಪೆಟ್ಟಿಗೆ ತುಳಿಯುತ್ತ ನಟನ ಹೆಗಲನ್ನೇ ನೋಡುತ್ತಿರುತ್ತಾನೆ. ಅದು ಎದ್ದರೆ ಸ್ವರವೂ ಏಳಬೇಕು. ನಾಂದಿಯಲ್ಲಿ ಭಕ್ತಿಯಿಂದ ಹಿಡಿದ ಪೇಟಿಯೇ ಅರ್ಧ ಗಂಟೆಯೊಳಗೆ ಗೌಡನ ಎಡವುವ ಕಾಲಿಗೂ ಸ್ವರ ಕೊಡಬೇಕಾದ ಕೆಲಸ ಸಣ್ಣದಲ್ಲ. ಈ ಮಾಸ್ತರರ ಹೆಸರು ರಂಗಭೂಮಿಯ ಚರಿತ್ರೆಗಳಲ್ಲಿ ಹುಡುಕಿದರೂ ಸಿಗುವುದು ಕಡಿಮೆ.

ಹುನಗುಂದ ಸೀಮೆಯ ನಾಟಕಕಾರರು ಈ ಬೀದಿ ಪರದೆಯ ಹಾಸ್ಯವನ್ನು ಹೇಗೆ ಬಳಸಿದರು? 1896ರಲ್ಲಿ ಇಳಕಲ್ ಬಳಿಯ ಕಂದಗಲ್ಲಿನಲ್ಲಿ ಹುಟ್ಟಿದ ಹನುಮಂತರಾಯರದು ಬೇರೆ ದಾರಿ. 'ರಕ್ತರಾತ್ರಿ' ಬರೆದ ಕೈಗೆ ರೌದ್ರದ ಮೇಲೆ ಪ್ರೀತಿ. ಸೂಳೇಭಾವಿಯ ಪಿ.ಬಿ. ಧುತ್ತರಗಿ ಮಾತ್ರ ನಗೆಯನ್ನು ಪರದೆಯ ಮುಂದಿನಿಂದ ಎತ್ತಿ ಕಥೆಯ ನಡುಮನೆಗೆ ತಂದರು. ಅವರ 'ಸಂಪತ್ತಿಗೆ ಸವಾಲ್' ನಾಟಕದ ಹಳ್ಳಿಗನ ಒರಟಾಟವೂ ಸಿರಿವಂತೆಯ ಸೊಕ್ಕೂ ಉಪಕಥೆಯಲ್ಲ, ಅದೇ ಕಥೆ. 1974ರಲ್ಲಿ ಅದು ಸಿನಿಮಾ ಆದಾಗ ಎಮ್ಮೆ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು; ಅವರು ಪೂರ್ಣ ಪ್ರಮಾಣದ ಗಾಯಕರಾಗಿ ನೆಲೆ ನಿಂತದ್ದು ಆ ಹಾಡಿನಿಂದಲೇ. ನಗಿಸುವ ಹಾಡಿಗೆ ನಾಯಕನ ಗಂಟಲೇ ಬೇಕೆಂಬ ಕಂಪನಿ ನಾಟಕದ ಹಟ ಹೀಗೆ ಗೆದ್ದಿತು. ಆ ಕಥೆಯಲ್ಲಿ ಹೆಣ್ಣನ್ನು ಬಗ್ಗಿಸುವುದೇ ನ್ಯಾಯ ಎಂಬ ಧೋರಣೆ ಇದೆ, ಇಂದು ಅದು ಚುಚ್ಚುತ್ತದೆ. ಆದರೂ ಹಾಸ್ಯವನ್ನು ಹೆಣೆದ ಕೈಚಳಕವನ್ನು ಅಲ್ಲಗಳೆಯಲಾಗದು.

ಇಂದಿನ ಜಾತ್ರೆ ನಾಟಕಗಳ ಬಗ್ಗೆ ಅಷ್ಟು ಧಾರಾಳವಾಗಿ ಹೇಳುವುದು ಕಷ್ಟ. ದ್ವಂದ್ವಾರ್ಥ ಹೆಚ್ಚಾಯಿತೆಂಬುದು ಎಲ್ಲರ ದೂರು. ಅದು ನಿಜ, ಆದರೆ ಮೂಲ ರೋಗ ಬೇರೆ. ತೊದಲುವವನು ಮೂರು ಅಂಕದಲ್ಲೂ ತೊದಲುತ್ತಾನೆ, ಕಿವುಡ ಮೂರು ಅಂಕದಲ್ಲೂ ತಪ್ಪು ಕೇಳುತ್ತಾನೆ, ಅದರಿಂದ ಯಾರ ಸ್ಥಿತಿಯೂ ಬದಲಾಗುವುದಿಲ್ಲ. ಸಾರಥಿಯ ಪ್ರಶ್ನೆಗೆ ದೊರೆಯ ಠೇಂಕಾರ ಇಳಿಯುತ್ತಿತ್ತು. ಇಲ್ಲಿ ಇಳಿಯುವುದು ಮೊದಲೇ ಕೆಳಗಿದ್ದವನು. ಕೀಬೋರ್ಡು, ರಿದಂ ಪ್ಯಾಡು ಬಂದ ಮೇಲೆ ಇನ್ನೊಂದು ನಷ್ಟವಾಯಿತು: ಸದ್ದು ಮೊದಲೇ ಸಿದ್ಧ, ನಟ ಅದಕ್ಕೆ ಬೀಳಬೇಕು. ಯಂತ್ರವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಕಣ್ಣಿರುವ ವಾದಕ ಪ್ಯಾಡಿನಲ್ಲೂ ನಗಿಸುತ್ತಾನೆ. ಜಾತ್ರೆಯ ಗಳಿಕೆಯ ಮೇಲೆ ವರ್ಷ ದೂಡುವ ಮಾಲೀಕನಿಗೆ ತಾಲೀಮಿಗೆಂದು ದಿನ ಕೊಡುವುದು ಸುಲಭವಲ್ಲ ಎಂಬುದನ್ನೂ ಮರೆಯಬಾರದು.

ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ. ಹಿರಿಯ ಸಾರಥಿ, ಭಾಗವತ, ಪೇಟಿ ಮಾಸ್ತರರನ್ನು ಒಟ್ಟಿಗೆ ಕೂರಿಸಿ, ಪೆಟ್ಟು ಮತ್ತು ಸ್ವರ ಕೂಡುವ ಬಗೆಯನ್ನು ದೃಶ್ಯಸಮೇತ ದಾಖಲಿಸಿದರೆ ಎಳೆಯ ನಟರಿಗೆ ಪಾಠವಾದೀತು. ಈ ಸಲ ಬನಶಂಕರಿಗೆ ಹೋಗುವವರೂ ಪೇಟಿ ಮಾಸ್ತರ ಕಾಣುವ ಕಡೆ ಕುರ್ಚಿ ಹಿಡಿಯಲಿ. ಅವನ ಕೈ ಚೆನ್ನಾಗಿ ನಡೆದರೆ ಹಾಸ್ಯಪಾರ್ಟಿನವನ ಜೊತೆ ಅವನಿಗೂ ಒಂದು ಒನ್ಸ್‌ಮೋರ್ ಕೂಗಲಿ.